ದೊಡ್ಡವ್ವನ ಕೆಂಪು ಗುಲಾಬಿ

ಗುಲಾಬಿ ಟೊಂಗೆಯ ತುದಿಗೆ ಸಗಣಿ ಮೆತ್ತುವಾಗ ಬರುವ ಹಸಿ ವಾಸನೆಗೆ ಇವತ್ತೂ ನನಗೆ ಅವ್ವನ ಮೇಲೆ ಸಿಟ್ಟು ಬರುತ್ತದೆ.

ಹುಮನಾಬಾದಿನಲ್ಲಿ ಅವ್ವನ ಅಕ್ಕ, ನಮ್ಮ ದೊಡ್ಡವ್ವ ಇದ್ದಳು. ಅವಳ ಅಂಗಳದ ಕೆಂಪು ಗುಲಾಬಿಯ ಟೊಂಗೆಗಳನ್ನು ಅವ್ವ ಕೇಳಿ ತಂದು ತುದಿಗೆ ಸಗಣಿ ಮೆತ್ತಿ ಬಸವಕಲ್ಯಾಣದ ನಮ್ಮ ಹಿತ್ತಲಲ್ಲಿ ನೆಡುತ್ತಿದ್ದಳು. ನೆಟ್ಟವೆಲ್ಲ ಒಣಗುತ್ತಿದ್ದವು.

"ಕೇಳಿ ಒಯ್ದದ್ದು ಹತ್ತಂಗಿಲ್ಲ. ಕದ್ದು ಒಯ್ದದ್ದೇ ಚಿಗಿತದ" ಎನ್ನುತ್ತಿದ್ದಳು ದೊಡ್ಡವ್ವ. ನಮ್ಮ ಕಡೆ ಎಲ್ಲರೂ ನಂಬುವ ಮಾತು ಅದು.

ಒಮ್ಮೆ ನಾನೂ ಅವ್ವನ ಜೊತೆ ಹೋಗಿದ್ದ ಮಧ್ಯಾಹ್ನ ದೊಡ್ಡವ್ವನೇ ಕುಡಗೋಲನ್ನು ಕಟ್ಟೆಯ ಮೇಲಿಟ್ಟು, "ನಾ ಒಳಗ ಜ್ವಾಳ ಹಸನ ಮಾಡಾಕತ್ತೇನಿ, ಹೊರಗ ಬರಂಗಿಲ್ಲ" ಎಂದು ಗಟ್ಟಿಯಾಗಿ ಹೇಳಿ ಬಾಗಿಲು ಮುಂದೆ ಮಾಡಿಕೊಂಡಳು.

ನಾನು ಬಲಿತ ಟೊಂಗೆಯೊಂದನ್ನು ಬಗ್ಗಿಸಿ ಹಿಡಿದೆ. ಮುಳ್ಳು ಅಂಗೈಗೆ ಚುಚ್ಚಿತು. ಅವ್ವ ಕುಡಗೋಲು ಎತ್ತಿಕೊಂಡು ಬಾಗಿಲ ಕಡೆ ನೋಡಿದಳು.

"ಯವ್ವಾ, ಕಡಿ" ಎಂದು ಪಿಸುಗುಟ್ಟಿದೆ.

"ಅಕ್ಕಾ, ಒಂದು ಟೊಂಗಿ ಕಡಕೊಳ್ಳಲೇನ?" ಎಂದು ಅವ್ವ ಕೂಗಿ ಕೇಳಿಯೇಬಿಟ್ಟಳು.

ಒಳಗೆ ಮೊರದ ಸಪ್ಪಳ ನಿಂತಿತು. "ಕೇಳಿಬಿಟ್ಟಿ. ಇನ್ನ ಕಡದ್ರೂ ಹತ್ತಂಗಿಲ್ಲ" ಎಂದಳು ದೊಡ್ಡವ್ವ.

ಅವ್ವ ಕುಡಗೋಲನ್ನು ಎಲ್ಲಿತ್ತೋ ಅಲ್ಲೇ ಇಟ್ಟಳು.

ಊರಿಗೆ ಮರಳುವ ಬಸ್ಸಿನಲ್ಲಿ ನಾನು ಅವ್ವನಿಗೆ ಬೆನ್ನು ಮಾಡಿ ಕೂತೆ. ಟೊಂಗೆಗೆ ಸುತ್ತಲೆಂದು ಮನೆಯಿಂದ ತಂದಿದ್ದ ಬಟ್ಟೆಯ ತುಂಡು ಇನ್ನೂ ಹಸಿಯಾಗಿಯೇ ಅವಳ ತೊಡೆಯ ಮೇಲಿತ್ತು. ಅರ್ಧ ದಾರಿಯಲ್ಲಿ ಅದರಿಂದ ನನ್ನ ಅಂಗೈಯ ರಕ್ತ ಒರೆಸಿ, "ಮುಂದಿನ ಸಲ ಕೇಳಂಗಿಲ್ಲ, ಆತಿಲ್ಲೊ" ಎಂದಳು.

ಮುಂದಿನ ಸಲವೂ ಕೇಳಿದಳು.