ಎರಡನೆಯ ಕಂಬ

ಬಾಗಿಲಿಗೆ ಆರಡಿ ಅಗಲ ಯಾಕೆ ಎಂಬ ಪ್ರಶ್ನೆಯನ್ನು ಬಡಗಿ ಮೂಸಬ್ಬ ಕಿವಿಗೇ ಹಾಕಿಕೊಳ್ಳಲಿಲ್ಲ. ಗೋಡೆಗೆ ಕಿವಿಯಿಟ್ಟು, ಬೆರಳ ಗೆಣ್ಣಿನಿಂದ ಬಡಿಯುತ್ತ ನಿಂತಿದ್ದರು. ರಿತೇಶನ ತಲೆಯೊಳಗೆ ಅನುಮಾನದ ಹುಳ ಹೊಕ್ಕಿದ್ದು ಆಗಲೇ.

ದುಬೈಯ ಅಲ್ ಮುರಕ್ಕಬಾತಿನ ಆ ಹೋಟೆಲು ರಿತೇಶನ ತಂದೆ ಮೋಹನದಾಸರದು. ಮಂಡಿಯ ಆಪರೇಷನ್ನಿಗೆ ಅವರು ಉಡುಪಿಗೆ ಹೋಗಿದ್ದರಿಂದ ಯಜಮಾನಿಕೆ ಈಗ ಮಗನದು. ಅಡುಗೆಮನೆಯ ಬಾಗಿಲು ಮೂರಡಿ ಇತ್ತು. ಟ್ರಾಲಿ ಓಡಾಡಲು ಐದಡಿ ಮಾಡಿದರೆ ಸಾಕಿತ್ತು. ಆದರೆ ಅದು ಬರೀ ಅಡ್ಡಗೋಡೆಯಲ್ಲ. ಒಂದೂಕಾಲಡಿಗೆ ಒಂದರಂತೆ ಮರದ ಕಂಬ ನಿಲ್ಲಿಸಿ, ಎರಡೂ ಕಡೆ ಜಿಪ್ಸಂ ಹಲಗೆ ಹೊಡೆದ ಗೋಡೆ. ಮೇಲಿನ ಅಟ್ಟದ ಫ್ಯಾಮಿಲಿ ಸೆಕ್ಷನ್ ಪೂರ್ತಿ ಅದರ ಹೆಗಲ ಮೇಲೆ ಕೂತಿತ್ತು.

"ಮೂಸಬ್ಬನಿಗೇ ಹೇಳು," ಎಂದಿದ್ದರು ಮೋಹನದಾಸ್ ಫೋನಿನಲ್ಲಿ. "ಹದಿಮೂರು ವರ್ಷದ ಹಿಂದೆ ಅವರೇ ಕಟ್ಟಿದ್ದು. ಬರುವ ವಾರ ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಹೋಗ್ತಾರಂತೆ, ಬೇಗ ಹಿಡಿ."

ಹಿಡಿಯುವುದೇನು, ಹೋಟೆಲಿನ ಹೆಸರು ಕೇಳಿದ್ದೇ ತಡ ಮುದುಕ ಓಡಿಬಂದಿದ್ದರು. ರಿತೇಶ್ ಮೊಬೈಲಿನಲ್ಲಿ ನಕ್ಷೆ ತೋರಿಸಿದ. ಅವರು ಅತ್ತ ನೋಡಲಿಲ್ಲ. "ಬಾಯಲ್ಲಿ ಹೇಳಿ ಸಣ್ಣ ಧನೀ," ಎಂದರು. ಟೇಪನ್ನೂ ಮುಟ್ಟಲಿಲ್ಲ. ಅವರ ಬಳಿ ಕಚ್ಚು ಹಾಕಿದ ಒಂದು ಕೋಲಿತ್ತು, ಅಳತೆಯೆಲ್ಲ ಅದರಲ್ಲೇ.

"ಐದಡಿ ಮಾಡಿದರೆ ಒಂದೇ ಕಂಬ ಹೋಗ್ತದೆ," ಎಂದರು ಕೊನೆಗೆ. "ಆರಡಿ ಮಾಡುವ. ಎರಡನೆಯದೂ ತೆಗೆಯುವ."

"ಮೇಲಿನ ಅಟ್ಟ ಇಳಿದ್ರೆ ಎಂತ ಮಾಡೋದು ಕಾಕ?"

"ನಾನಿದ್ದೇನಲ್ಲ. ದಪ್ಪ ತೊಲೆ ಕೊಡ್ತೇನೆ. ಆದರೆ ಆ ಎರಡನೆಯ ಕಂಬ ನನಗೆ ಕೊಡಬೇಕು. ಬೇರೆ ಎಂತದೂ ಬೇಡ."

ಎಂಜಿನಿಯರ್ ಬಂದು ನೋಡಿ, ತೊಲೆ ದಪ್ಪವಿದ್ದರೆ ಆಗಬಹುದು ಎಂದ. ರಿತೇಶ್ ಒಪ್ಪಿದ, ಆದರೆ ಕಣ್ಣು ಮುದುಕನ ಮೇಲೇ ಇಟ್ಟ. ಚಿನ್ನದ ಪೇಟೆಯಿರುವ ದೇರಾದಲ್ಲಿ ಹುಟ್ಟಿ ಬೆಳೆದವನಿಗೆ ಗೋಡೆಯೊಳಗೆ ಅಡಗಿಸುವ ವಸ್ತು ಎಂದರೆ ಚಿನ್ನದ ಬಿಸ್ಕತ್ತೇ ನೆನಪಾಗಬೇಕು. ಮರವನ್ನು ಕೊರೆದು, ಒಳಗೆ ತುಂಬಿ, ಮೇಲೆ ಹಲಗೆ ಹೊಡೆದಿದ್ದರೆ?

ಶುಕ್ರವಾರ ಹೋಟೆಲಿಗೆ ಬೀಗ ಹಾಕಿ ಕೆಲಸ ಶುರುವಾಯಿತು. ಮೂಸಬ್ಬ ಗೋಡೆಯ ಎರಡೂ ಬದಿಗೆ ಕಬ್ಬಿಣದ ಜಾಕಿ ನಿಲ್ಲಿಸಿ ಅಟ್ಟದ ಭಾರವನ್ನು ಅದಕ್ಕೆ ದಾಟಿಸಿದರು. ಹಲಗೆ ಬಿಚ್ಚಿದರು. ಮೊದಲ ಕಂಬವನ್ನು ಕರೆಂಟಿನ ಗರಗಸದಿಂದ ಸರಕ್ಕನೆ ಕೊಯ್ದು ಮೂಲೆಗೆಸೆದರು. ಎರಡನೆಯದಕ್ಕೆ ಕೈಗರಗಸ ತೆಗೆದುಕೊಂಡರು, ಅದೂ ನಿಧಾನಕ್ಕೆ.

"ಕಟ್ಟುವಾಗ ನಿಮ್ಮ ಜೊತೆ ಮಗ ಇದ್ರಲ್ಲ ಕಾಕ?" ಮಾತಿಗೆಳೆದ ರಿತೇಶ್.

"ಇದ್ದ. ಈಗ ಇಲ್ಲ."

ಸೌದಿಗೋ ಕತಾರಿಗೋ ಹೋಗಿರಬೇಕು ಎಂದುಕೊಂಡ ರಿತೇಶ್.

ಕಂಬ ಇಳಿದದ್ದೇ ಮೂಸಬ್ಬ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೈಯಿಂದ ಧೂಳು ಒರೆಸಿದರು. ಆಮೇಲೆ ಅದಕ್ಕೆ ತಮ್ಮ ಹೆಗಲ ಮೇಲಿನ ಬೈರಾಸು ಸುತ್ತಿದರು. ಆ ಕಡೆ ತಿರುಗಿ ಊರಿಗೆ ವಾಯ್ಸ್ ಮೆಸೇಜು ಕಳಿಸಿದರು. ಬ್ಯಾರಿ ಭಾಷೆಯಾದರೂ ರಿತೇಶನಿಗೆ ಅಷ್ಟು ಅರ್ಥವಾಯಿತು: ಸಿಕ್ಕಿತು ನಫೀಸಾ, ಸಿಕ್ಕಿತು. ಹೆಂಡತಿಗೂ ಗೊತ್ತಿದೆ ಅಂದಮೇಲೆ ಅನುಮಾನಕ್ಕೆ ಇನ್ನೇನು ಬೇಕು.

ತೊಲೆ ಏರಿಸಿ, ಅದರ ಎರಡು ತುದಿಗೆ ಹೊಸ ಕಂಬ ಕೊಟ್ಟು ಮುಗಿಸುವಷ್ಟರಲ್ಲಿ ಜುಮಾ ಬಾಂಗ್ ಕೇಳಿಸಿತು. "ನಮಾಜ್ ಮುಗಿಸಿ ಬರ್ತೇನೆ," ಎಂದರು ಮೂಸಬ್ಬ. "ಕಂಬ ಜಾಗ್ರತೆ. ಬಂದಮೇಲೆ ನಿಮ್ಮಿಂದ ಒಂದು ಉಪಕಾರ ಆಗಬೇಕುಂಟು."

ಬಾಯಿ ಮುಚ್ಚಿಕೊಂಡಿರುವ ಉಪಕಾರ ತಾನೇ, ಎಂದುಕೊಂಡ ರಿತೇಶ್. ಬಾಗಿಲು ಹಾಕಿ ಬೈರಾಸು ಬಿಚ್ಚಿದ.

ಬಡಿದು ನೋಡಿದ. ಅಲುಗಿಸಿ ನೋಡಿದ. ಮೊಳೆ ಜಡಿದಲ್ಲೆಲ್ಲ ಕೆದಕಿದ. ಟೊಳ್ಳೂ ಇಲ್ಲ, ತೂತೂ ಇಲ್ಲ. ಒಂದು ಬದಿಯಲ್ಲಿ ಪೆನ್ಸಿಲಿನ ನಾಲ್ಕು ಸಾಲು ಗೀಚಾಟ, ಕನ್ನಡ ಅಕ್ಷರ. ಏನೋ ಆಚಾರಿಯ ಲೆಕ್ಕವಿರಬೇಕು. ದುಬೈಯದೇ ಊದ್ ಮೇಥಾದ ಶಾಲೆಯಲ್ಲಿ ಫ್ರೆಂಚ್ ತೆಗೆದುಕೊಂಡವನು ಅವನು. ಕನ್ನಡ ನಾಲಿಗೆಯಲ್ಲಿತ್ತು, ಕಣ್ಣಿಗಿರಲಿಲ್ಲ. ತಮ್ಮ ಹೋಟೆಲಿನ ಬೋರ್ಡನ್ನೇ ಅವನು ಇಂಗ್ಲಿಷಿನ ಕಡೆಯಿಂದ ಓದುತ್ತಿದ್ದ.

ಅವನಿಗೆ ನಾಚಿಕೆಯಾಯಿತು. ಮೂವತ್ತು ವರ್ಷ ಈ ಊರಿನಲ್ಲಿ ದುಡಿದ ಮನುಷ್ಯ ಒಂದು ಹಳೆಯ ಮರದ ತುಂಡು ಕೇಳಿದರೆ ತಾನು ಅವರಲ್ಲಿ ಕಳ್ಳನನ್ನು ಕಂಡನಲ್ಲ. ಕೈಯಾರೆ ಏನಾದರೂ ಒಳ್ಳೆಯದು ಮಾಡಬೇಕೆನಿಸಿತು. ಮೂಸಬ್ಬರ, ಮರ ಹೆರೆಯುವ ಕರೆಂಟಿನ ಹತ್ತರಿ ಅಲ್ಲೇ ಇತ್ತು. ಮೊಳೆ ಕಿತ್ತು, ನಾಲ್ಕೂ ಬದಿ ಹತ್ತರಿ ಹೊಡೆದ. ಉಪ್ಪುಕಾಗದದಿಂದ ತಿಕ್ಕಿದ. ಕೊಳೆ, ಕಲೆ, ಗೀಚು ಎಲ್ಲ ಹೋಗಿ ಮರ ಹೊಸದರಂತೆ ಹೊಳೆಯಿತು. ಹೊಟ್ಟು ಗುಡಿಸಿ, ಚೀಲಕ್ಕೆ ತುಂಬಿ, ಹೊರಗಿನ ಕಸದ ಡಬ್ಬಿಗೆ ಹಾಕಿ ಬಂದ. ಆ ಹೊತ್ತಿಗೆ ಕಸದ ಲಾರಿಯೂ ಬಂದು ಹೋಯಿತು.

ಮೂಸಬ್ಬ ಟೊಪ್ಪಿ ತೆಗೆಯುತ್ತ ಒಳಬಂದರು.

"ನೋಡಿ ಕಾಕ, ನಿಮಗಾಗಿ ಚಂದ ಮಾಡಿದೆ. ಊರಲ್ಲಿ ಒಂದು ಶೆಲ್ಫಾದರೂ ಮಾಡಬಹುದು."

ಮೂಸಬ್ಬ ಕಂಬವನ್ನು ತಿರುಗಿಸಿದರು. ನಾಲ್ಕೂ ಬದಿ ನೋಡಿದರು. ಮತ್ತೊಮ್ಮೆ ತಿರುಗಿಸಿದರು. ನುಣುಪಾದ ಮರದ ಮೇಲೆ ಅಂಗೈ ಆಡಿಸುತ್ತ ಅಲ್ಲೇ ನೆಲಕ್ಕೆ ಕುಳಿತರು.

"ಹಲಗೆ ಮುಚ್ಚುವ ಮೊದಲು ನನ್ನ ಮಗ ತಮೀಮ್ ಇದರಲ್ಲಿ ಬರೆದಿದ್ದ," ಎಂದರು. ಬೈಗುಳವಿಲ್ಲ, ಸ್ವರ ಏರಿಸಲೂ ಇಲ್ಲ. "ಉಪ್ಪಾ, ನಿಮ್ಮ ಬಗ್ಗೆ ಬರೆದದ್ದು, ಓದಿ ಹೇಳ್ಲಾ ಅಂತ ಕೇಳಿದ. ಮೊದಲು ಕೆಲಸ ಮುಗಿಸು ಅಂತ ಗದರಿಸಿ ಹಲಗೆ ಹೊಡೆದುಬಿಟ್ಟೆ. ಮರುವಾರ ಬೇರೆ ಸೈಟಿನಲ್ಲಿ ಮೇಲಿಂದ ಬಿದ್ದ. ಅಲ್ಲಿಗೆ ಮುಗಿಯಿತು. ಭಾರ ಹೊತ್ತ ಕಂಬ, ಸುಮ್ಮನೆ ಬಿಚ್ಚಿ ಕೊಡಿ ಅಂತ ನಿಮ್ಮ ತಂದೆಯ ಹತ್ರ ಹೇಗೆ ಕೇಳೋದು?"

ರಿತೇಶ್ ಕಸದ ಲಾರಿ ಹೋದ ಕಡೆ ನೋಡಿದ.

ಮೂಸಬ್ಬ ತಲೆಯೆತ್ತಿದರು. ಆ ಕಣ್ಣಿನಲ್ಲಿ ಇನ್ನೂ ಆಸೆಯಿತ್ತು. "ಹೋಗಲಿ ಬಿಡಿ, ನನಗೆ ಅಕ್ಷರ ಬರುವುದಿಲ್ಲ. ಅಳಿಸುವ ಮೊದಲು ನೀವು ಓದಿರ್ತೀರಲ್ಲ ಮಗಾ, ಏನು ಬರೆದಿದ್ದ?"