ಸೊಪ್ಪು ಕೊಯ್ದ ಹೊತ್ತು

"ಅಮ್ಮಾ, ಹಾಕ್ಬೇಡ!" ಚಿರಂಜೀವಿ ಹುಳುಮನೆಯೊಳಗೆ ನುಗ್ಗಿ, ರೇಷ್ಮೆಹುಳುಗಳ ಮೇಲೆ ಹಿಪ್ಪುನೇರಳೆ ಸೊಪ್ಪು ಉದುರಿಸಲು ಹೊರಟಿದ್ದ ತಾಯಿಯ ಕೈ ಹಿಡಿದುಕೊಂಡ. ಅವಳ ಹಿಡಿಯಿಂದ ಒಂದು ಎಲೆ ತೆಗೆದು ಮೂಸಿದ, ಬೆಳಕಿಗೆ ಹಿಡಿದ, ಬೆರಳಲ್ಲಿ ಮಡಿಸಿ ನೋಡಿದ. "ಇದನ್ನ ಯಾವಾಗ ಕೊಯ್ದಿದ್ದು?"

"ನಿನ್ನೆ ಬೆಳಿಗ್ಗೆ ಕಣಪ್ಪ. ಬಿಸಾಕೋಕೆ ಮನಸ್ಸು ಬರ್ಲಿಲ್ಲ," ಎಂದಳು ಆದಿಲಕ್ಷ್ಮಮ್ಮ.

"ನಾಲ್ಕನೇ ಜ್ವರದ ನಿದ್ದೆಯಿಂದ ಎದ್ದು, ಈಗ ತಾನೇ ಪೊರೆ ಬಿಟ್ಟಿರೋ ಹುಳ ಕಣಮ್ಮ. ಬಾಡಿದ್ದು ತಿಂದ್ರೆ ಒಳಗೊಳಗೇ ಕೆಡ್ತವೆ. ಮೇಲೆ ಏನೂ ಗೊತ್ತಾಗಲ್ಲ."

ಮಗ ಹೇಳಿದ್ದು ಸರಿಯೇ. ಅವಳು ಬುಟ್ಟಿ ಎತ್ತಿಕೊಂಡು ಹೊರಬಂದಳು. ಜಗಲಿಯ ಮೇಲೆ ಮಗಳು ಯಾಮಿನಿ, ಅಣ್ಣ ಚಿಂತಾಮಣಿ ಪೇಟೆಯಿಂದ ತಂದಿದ್ದ ಮಸಾಲೆ ಚಿಪ್ಸ್ ಪೊಟ್ಟಣಕ್ಕೆ ಕೈಹಾಕಿ ಕೂತಿದ್ದಳು. ಅಡುಗೆಮನೆಯಲ್ಲಿ ಬೆಳಿಗ್ಗೆ ಮಾಡಿದ ಮುದ್ದೆ, ಸೊಪ್ಪಿನ ಸಾರು ಮುಚ್ಚಿಟ್ಟಂತೆಯೇ ಇದ್ದವು. ಮೂವತ್ತೈದಕ್ಕೇ ಶುಗರ್ ಮಾತ್ರೆ ನುಂಗುವ ಮಗನಿಗೂ, ಅವನ ದಾರಿಯನ್ನೇ ಹಿಡಿದಿರುವ ಮಗಳಿಗೂ ಬೈದು, ಬೇಡಿ, ಅತ್ತು ಹೇಳಿ ಆದಿಲಕ್ಷ್ಮಮ್ಮನ ಬಾಯಿ ಸೋತಿತ್ತು.

ಇವತ್ತು ಅವಳು ಬೈಯಲಿಲ್ಲ. ಬುಟ್ಟಿ ಕೆಳಗಿಟ್ಟು, ಮಗಳ ಕೈಯಿಂದ ಒಂದು ಚಿಪ್ಸ್ ತೆಗೆದುಕೊಂಡು ಮೂಸಿದಳು. ಬೆಳಕಿಗೆ ಹಿಡಿದಳು. ಮಡಿಸಲು ಹೋದರೆ ಪಟಕ್ಕನೆ ಮುರಿಯಿತು. ಹಿಂದೆಯೇ ಬಂದ ಮಗನತ್ತ ತಿರುಗಿದಳು.

"ಇದನ್ನ ಯಾವಾಗ ಕೊಯ್ದಿದ್ದಪ್ಪ?"

ಚಿರಂಜೀವಿ ನಗಲು ಹೋದ, ನಗು ಬರಲಿಲ್ಲ. ಪೊಟ್ಟಣ ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ ತಾರೀಕು ಹುಡುಕತೊಡಗಿದ. ಯಾಮಿನಿ ಬಾಯಲ್ಲಿದ್ದದ್ದನ್ನು ಅಗಿಯದೆ, ಅಣ್ಣ ಏನು ಹೇಳುತ್ತಾನೋ ಎಂದು ಕಾದಳು.