ಸೋಮವಾರದ ಮೌನ

ಪ್ರಭಾವತಿಯ ಸೆರಗಿಗೆ ಬೆಂಕಿ ಹತ್ತಿದಾಗ ಅವಳ ಗಂಡ ಫಕೀರಪ್ಪ ಮೌನವ್ರತದಲ್ಲಿದ್ದ.

ಹತ್ತಿ ವ್ಯಾಪಾರಿ ಫಕೀರಪ್ಪ ಅಂಗಡಿಯಲ್ಲಿ, ಬಸ್ಸಿನಲ್ಲಿ, ಊಟಕ್ಕೆ ಕೂತಾಗಲೂ ಮಾತು ನಿಲ್ಲಿಸದ ಮನುಷ್ಯ. "ವಾರಕ್ಕ ಒಂದ ದಿನ ಬಾಯಿ ಮುಚ್ಚಿ ಕೂಡಪಾ. ಒಳಗ ಏನೈತಿ ಅನ್ನೂದು ಆವಾಗ ತಿಳಿತೈತಿ" ಎಂದು ಮಠದ ಅಜ್ಜಾರು ಹೇಳಿದ್ದರು. ಇದು ಮೊದಲ ಸೋಮವಾರ. ಲಿಂಗಪೂಜೆ ಮುಗಿಸಿ, ನವನಗರದ ತನ್ನ ಮನೆಯ ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಮಾತಿಲ್ಲದೆ ಹೊತ್ತು ಹೋಗುತ್ತಿರಲಿಲ್ಲ. ಸುಮ್ಮನೆ ಹೆಂಡತಿಯನ್ನು ನೋಡುತ್ತಿದ್ದ. ಅವಳ ಕೂದಲು ಇಷ್ಟು ಬೆಳ್ಳಗಾದದ್ದು ಯಾವಾಗ ಎಂದು ಅವನಿಗೆ ನೆನಪಾಗಲಿಲ್ಲ.

ಒಲೆಯ ಆಚೆಗಿದ್ದ ಡಬ್ಬಿಗೆ ಅವಳು ಕೈ ಚಾಚಿದಳು. ಸೆರಗಿನ ಅಂಚು ಉರಿಯ ಮೇಲೆ ಜಾರಿತು.

ಫಕೀರಪ್ಪ ಚಪ್ಪಾಳೆ ತಟ್ಟಿದ. ಅವಳು ತಿರುಗಲಿಲ್ಲ. ಇನ್ನೂ ಜೋರಾಗಿ ತಟ್ಟಿದ. ಅಂಚಿನಿಂದ ಬೆಂಕಿ ಮೇಲೇರತೊಡಗಿತು.

"ಪ್ರಭಾ! ಸೆರಗು! ಬೆಂಕಿ!"

ಆ ಕೂಗು ಅಕ್ಕಪಕ್ಕದ ಮನೆಗಳಿಗೆಲ್ಲ ಕೇಳಿಸಿತು. ಬೆನ್ನು ಮಾಡಿ ನಿಂತಿದ್ದ ಪ್ರಭಾವತಿ ಮಾತ್ರ ನಿಧಾನವಾಗಿ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು. ಅವನು ಕೊಡ ಎತ್ತಿ ಅವಳ ಮೈಮೇಲೆ ನೀರು ಸುರಿದ. ಸೆರಗು ಎಳೆದು ಕಾಲಿನಿಂದ ತುಳಿದ. ಬೆಂಕಿ ಆರಿತು. ಮೈಗೆ ತಾಗಿರಲಿಲ್ಲ.

ಪಕ್ಕದ ಮನೆಯ ಸುಲಭಾ ಓಡಿ ಬಂದಳು. "ಏನಾತ್ರಿ ಕಾಕಾ?"

"ಅಷ್ಟ ಒದರಿದ್ರೂ ತಿರುಗಿ ನೋಡ್ಲಿಲ್ಲವ್ವಾ ಇಕಿ!" ಫಕೀರಪ್ಪ ಸುಟ್ಟ ಸೆರಗಿನತ್ತ ಕೈ ಮಾಡಿದ.

ಸುಲಭಾ ಅವನ ಮುಖವನ್ನೇ ನೋಡಿದಳು. "ಕಾಕುಗ ಕಿವಿ ಕೇಳಂಗಿಲ್ಲಲ್ರಿ. ಮಂದಿ ಬಾಯಿ ನೋಡಿ ತಿಳ್ಕೊಂತಾರ. ನಿಮಗ... ಗೊತ್ತಿಲ್ಲೇನ್ರಿ?"

ಅವನ ಕೈಯಿಂದ ಖಾಲಿ ಕೊಡ ಜಾರಿ ದೊಡ್ಡ ಸದ್ದು ಮಾಡುತ್ತ ಉರುಳಿತು. ಸುಲಭಾ ಬೆಚ್ಚಿದಳು. ಪ್ರಭಾವತಿ ತಲೆ ಎತ್ತಲಿಲ್ಲ, ಸುಟ್ಟ ಸೆರಗು ಹಿಂಡುತ್ತಲೇ ಇದ್ದಳು. ವರ್ಷಗಟ್ಟಲೆ ತನ್ನ ಮಾತಿಗೆಲ್ಲ ತಲೆಯಾಡಿಸಿದ ಹೆಂಡತಿ. ಎಷ್ಟು ಹೊಂದಿಕೊಂಡು ಹೋಗುತ್ತಾಳೆ ಎಂದು ಅವನು ಮಂದಿಯ ಮುಂದೆ ಹೊಗಳಿದ್ದೇ ಹೊಗಳಿದ್ದು.

ಅವಳ ಎದುರಿಗೆ ಹೋಗಿ ನಿಂತ. ಎರಡೂ ಭುಜ ಹಿಡಿದ.

"ನನಗ್ಯಾಕ ಹೇಳ್ಲಿಲ್ಲ?"

ಪ್ರಭಾವತಿ ಅವನ ತುಟಿಗಳನ್ನು ನೋಡಿದಳು. ಸಿಟ್ಟಿಲ್ಲದ ದನಿಯಲ್ಲಿ ಹೇಳಿದಳು:

"ಹೇಳಿದ್ನೆಲ್ರಿ. ನೀವು ಮಾತಾಡಾಕತ್ತಿದ್ರಿ."